ನೀರು ಹಿಡಿಯುವ ಹುಡುಗ

ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದಾನೆ. ನನ್ನ ಮಗನನ್ನು ಎರಡನೆಯ ಮದುವೆಯಾಗಿ ಬಂದ ಸೊಸೆಯ ಮಗ. ಶಾಲೆ ಇರುವ ದಿನಗಳಲ್ಲಿ ಮಲ್ಪೆಯಲ್ಲಿ ನಮ್ಮೊಡನೆ. ಶುಕ್ರವಾರ ಸಂಜೆ ಅವನ ಅಪ್ಪ ಬೈಕಿನಲ್ಲಿ ಬಂದು ಕಾಪುವಿಗೆ ಕರೆದುಕೊಂಡು ಹೋಗುತ್ತಾರೆ, ಭಾನುವಾರ ಸಂಜೆ ಮತ್ತೆ ತಂದು ಬಿಡುತ್ತಾರೆ. ನನ್ನನ್ನು ‘ಅಜ್ಜ’ ಎನ್ನುತ್ತಾನೆ, ನನ್ನ ಮಗನನ್ನು ‘ಅಂಕಲ್’ ಎನ್ನುತ್ತಾನೆ.

ಮೊದಲ ವರ್ಷ ಅವನು ಉಂಡ ಬಟ್ಟಲು ಉಂಡಲ್ಲೇ ಇರುತ್ತಿತ್ತು. ಶಾಲೆಯ ಚೀಲ ಬಾಗಿಲ ಬಳಿ, ಒದ್ದೆ ಟವೆಲು ಮಂಚದ ಮೇಲೆ. ‘ಸೋಮಾರಿ ಹುಡುಗ’ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಒಂದು ದಿನ ಮನೆಗೆ ಬಂದವರೊಬ್ಬರು ಚಹಾ ಕುಡಿದು ಲೋಟ ತೊಳೆಯಲು ಎದ್ದರು. ಸೊಸೆ, “ಅಯ್ಯೋ ಇಡಿ, ನೆಂಟರು ಲೋಟ ತೊಳೆಯುವುದುಂಟಾ?” ಎಂದಳು. ಅವರು ಹೋದ ಮೇಲೆ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಅಜ್ಜ, ಹಾಗಾದರೆ ನಾನೂ ನೆಂಟನಾ?”

ನನಗೆ ಉತ್ತರ ಹೊಳೆಯಲಿಲ್ಲ. ಅವನಿಗೆ ನಾವು ಯಾರೂ ಒಂದು ಕೆಲಸ ಹೇಳಿದವರಲ್ಲ. ಗದರಿದರೆ ‘ಮಲತಂದೆ’ ಎನ್ನುತ್ತಾರೋ ಎಂಬ ಹೆದರಿಕೆ ನನ್ನ ಮಗನಿಗೆ. ‘ಪಾಪ, ಎರಡು ಮನೆ ಅಲೆಯುವ ಮಗು’ ಎಂಬ ಕನಿಕರ ನನಗೆ. ಕಾಪುವಿನಲ್ಲೂ ಅದೇ: ಎರಡು ದಿನಕ್ಕೆ ಬರುವ ಮಗನಿಗೆ ಕೆಲಸ ಹೇಳುವುದು ಹೇಗೆ ಎಂದು ಅಪ್ಪನ ಸಂಕೋಚ. ಹೀಗೆ ಎರಡು ಮನೆ ಇದ್ದೂ ಹುಡುಗ ಎರಡು ಕಡೆಯೂ ನೆಂಟನಾಗಿದ್ದ.

ಮಗು ಎರಡು ಮನೆಗಳ ನಡುವೆ ಬೆಳೆಯುವುದು ಈಗ ಅಪರೂಪವಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ ಎಂದು ಹೇಳಿತ್ತು. ನಮ್ಮ ಕರಾವಳಿಗಂತೂ ಇದು ತೀರಾ ಹೊಸತಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ತಂದೆ ಬೇರೆ ಕುಟುಂಬದವರು. ಆದರೆ ತಾಯಿಯ ಮನೆಯಲ್ಲಿ ಸೋದರಮಾವ ಎಂಬವರೊಬ್ಬರು ಇರುತ್ತಿದ್ದರು. ಅವರು ಪ್ರೀತಿಯನ್ನೂ ಕೊಡುತ್ತಿದ್ದರು, ಕೆಲಸವನ್ನೂ ಕೊಡುತ್ತಿದ್ದರು. ದನಕ್ಕೆ ಹುಲ್ಲು ಹಾಕಿದ ಹುಡುಗನಿಗೆ ‘ಇದು ಯಾರ ಮನೆ?’ ಎಂಬ ಸಂಶಯ ಬರುತ್ತಿರಲಿಲ್ಲ.

ಕಾನೂನಿನ ಒಂದು ಮಾತನ್ನೂ ಹೇಳಬೇಕು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ ಆರನೆಯ ಕಲಮಿನಲ್ಲಿ, ಸಹಜ ಪಾಲಕರು ಎನ್ನುವಾಗ ಮಲತಂದೆ, ಮಲತಾಯಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದು ಗೊತ್ತು. ನನ್ನ ಮಗ ಕೂಡ, “ನನಗೆ ಏನು ಅಧಿಕಾರ ಉಂಟು ಅಪ್ಪಾ?” ಎನ್ನುತ್ತಿದ್ದ. ಫಾರ್ಮಿಗೆ ಸಹಿ ಹಾಕಲು ಅಧಿಕಾರ ಬೇಕು. ಒಟ್ಟಿಗೆ ನಿಂತು ಬಟ್ಟಲು ತೊಳೆಯಲು ಅಧಿಕಾರ ಯಾಕೆ?

ಆ ರಾತ್ರಿ ಸೊಸೆ ಕಾಪುವಿಗೆ ಫೋನ್ ಮಾಡಿದಳು. ಬೇರೆಯಾದವರಿಬ್ಬರು ಮಗನ ಮನೆಗೆಲಸದ ಬಗ್ಗೆ ಅರ್ಧ ಗಂಟೆ ಜಗಳವಿಲ್ಲದೆ ಮಾತಾಡಿದ್ದು ನನಗೆ ಆಶ್ಚರ್ಯವೇ. ಮೂರು ಮಾತು ನಿಶ್ಚಯವಾಯಿತು. ಎರಡು ಮನೆಯಲ್ಲೂ ಅವನಿಗೆ ಒಂದೊಂದು ಕೆಲಸ ಇರಬೇಕು. ಹೊಸ ಕೆಲಸ ಹೇಳುವುದು ಹೆತ್ತವರು, ಜೊತೆಗೆ ನಿಂತು ಕಲಿಸುವುದು ಯಾರೂ ಆಗಬಹುದು. ಒಂದು ಮನೆಯಲ್ಲಿ ಮಾಡದೆ ಉಳಿದ ಕೆಲಸದ ದೂರು ಇನ್ನೊಂದು ಮನೆಗೆ ಹೋಗಬಾರದು.

ಕಾಪುವಿನಲ್ಲಿ ಅಂಗಳ ಗುಡಿಸುವುದು, ಒಣಗಿದ ಬಟ್ಟೆ ಮಡಚುವುದು ಅವನ ಪಾಲಿಗೆ ಬಂತು. ನಮ್ಮಲ್ಲಿ ಕುಡಿಯುವ ನೀರು. ಕಡಲ ಬದಿಯ ನಮ್ಮ ಬಾವಿಯ ನೀರು ಬೇಸಿಗೆ ಬಂದರೆ ಉಪ್ಪು. ಕುಡಿಯಲು ನಗರಸಭೆಯ ನಳ್ಳಿ ನೀರೇ ಗತಿ. ಅದು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಬಜೆಯ ನೀರು ತಳ ಕಂಡದ್ದು ಇಲ್ಲಿಯ ಯಾರಿಗೂ ಮರೆತಿಲ್ಲ. ಹಾಗಾಗಿ ಬೆಳಿಗ್ಗೆ ನಳ್ಳಿಯಲ್ಲಿ ನೀರು ಬಂದಾಗ ಮೂರು ಕೊಡಪಾನ ತುಂಬಿಸಿ, ಮುಚ್ಚಿ, ನಳ್ಳಿ ಭದ್ರ ಮಾಡುವುದು ಅವನ ಕೆಲಸವಾಯಿತು. ಮೊದಲ ವಾರ ನನ್ನ ಮಗ ಜೊತೆಗೆ ನಿಂತ. ತುಂಬಿದ ಕೊಡಪಾನವನ್ನು ಇಬ್ಬರೂ ಸೇರಿ ಎತ್ತಿ ಒಳಗಿಡುತ್ತಿದ್ದರು. ಇಬ್ಬರ ನಡುವೆ ಮಾತು ಶುರುವಾದದ್ದೂ ಆ ನಳ್ಳಿಯ ಬುಡದಲ್ಲೇ.

ಮೂರನೆಯ ವಾರದ ಬುಧವಾರ ಅವನು ಮರೆತ. ನಳ್ಳಿಯ ಸದ್ದು ನನಗೆ ಕೇಳುತ್ತಿತ್ತು. ಅವನು ಕ್ರಿಕೆಟ್ ಬ್ಯಾಟಿಗೆ ಟೇಪು ಸುತ್ತುತ್ತಿದ್ದ. ನಾನು ಕೊಡಪಾನ ಹಿಡಿದು ಹೊರಟೆ. ಸೊಸೆ ತಡೆದಳು: “ಮಾವ, ನೀವು ಹಿಡಿಯಬೇಡಿ. ನೀವು ಹಿಡಿದರೆ ಅದು ಅವನ ಕೆಲಸವಾಗಿ ಉಳಿಯುವುದಿಲ್ಲ.” ಒಂದು ಸಲ ನೆನಪಿಸಿದಳು. ಅವನು “ಈಗ ಬಂದೆ” ಎಂದ, ಬರಲಿಲ್ಲ. ನೀರು ನಿಂತಿತು.

ಮಧ್ಯಾಹ್ನ ಅವಳು ನೆರೆಮನೆಯಿಂದ ಎರಡು ಕೊಡ ನೀರು ಕೇಳಿ ತಂದಳು. ಸಂಜೆ ಶಾಲೆಯಿಂದ ಬಂದವನು ನೀರು ಕುಡಿಯಲು ಹೋಗಿ, ನೆರೆಮನೆಯ ಕೊಡವನ್ನು ನೋಡಿ ನಿಂತುಬಿಟ್ಟ. ಯಾರೂ ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಖಾಲಿ ಕೊಡ ತೊಳೆದು ತಾನೇ ಒಯ್ದು ಕೊಟ್ಟು ಬಂದ. ಮಾರನೆಯ ದಿನ ನಳ್ಳಿಗೆ ಮೊದಲೇ ಹುಡುಗ ಎದ್ದಿದ್ದ.

ಆಮೇಲೆ ಅವನು ಮರೆಯಲೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಎರಡು ಸಲ ಮರೆತ. ಆದರೆ ಒಮ್ಮೆಯೂ “ನನ್ನದಲ್ಲ” ಎನ್ನಲಿಲ್ಲ.

ನನ್ನ ಓರಗೆಯ ಅಜ್ಜ–ಅಜ್ಜಿಯರೇ, ತಪ್ಪು ಮಾಡಲು ಹೊರಟವನು ಇಲ್ಲಿ ನಾನೇ. ಹತ್ತು ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ಸ್ವತಃ ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಣ ನಂಬಿ ಕೊಡಬಹುದಾದ ಕೈಗೆ ಒಂದು ಕೊಡಪಾನ ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ. ಕನಿಕರದಿಂದ ಮಗುವಿನ ಪಾಲಿನ ಕೆಲಸ ನಾವು ಮಾಡಿದಾಗ, ‘ನೀನಿಲ್ಲದಿದ್ದರೂ ಈ ಮನೆ ನಡೆಯುತ್ತದೆ’ ಎಂದು ಹೇಳಿದ ಹಾಗಾಗುತ್ತದೆ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಜಂಟಿ ಕಸ್ಟಡಿ ಎನ್ನುತ್ತೇವೆ. ಒಬ್ಬರಿಂದಲೇ ತೆರೆಯಲಾಗುವುದಿಲ್ಲ. ನಮ್ಮ ಹುಡುಗನ ವಿಷಯದಲ್ಲೂ ಮಲ್ಪೆಯ ಕೀಲಿ, ಕಾಪುವಿನ ಕೀಲಿ ಎರಡೂ ತಿರುಗಿದ್ದರಿಂದಲೇ ಕೆಲಸವಾಯಿತು.

ಮಕ್ಕಳೇ, ನಿಮಗೂ ಒಂದು ಮಾತು. ನಿಮಗೆ ಒಂದು ಮನೆಯಿರಲಿ, ಎರಡಿರಲಿ, ಅಮ್ಮ ಕೆಲಸ ಹೇಳಿದರೆ ಅದನ್ನು ಶಿಕ್ಷೆ ಎಂದುಕೊಳ್ಳಬೇಡಿ. ನೆಂಟರಿಗೆ ಯಾರೂ ಕೆಲಸ ಹೇಳುವುದಿಲ್ಲ.

ಕಳೆದ ಶುಕ್ರವಾರ ಸಂಜೆ ಬೈಕಿನ ಹಾರ್ನ್ ಕೇಳಿಸಿತು. ಹುಡುಗ ಚೀಲ ಹೆಗಲಿಗೇರಿಸಿ ಹೊರಟವನು, ಅಂಗಳದ ತುದಿಯಿಂದ ಓಡಿ ವಾಪಸು ಬಂದ.

“ಅಜ್ಜ, ನಾಳೆ, ನಾಡಿದ್ದು ನೀರು ನೀವು ಹಿಡಿಯಬೇಕು. ದೊಡ್ಡ ಕೊಡಪಾನ ಪೂರ್ತಿ ತುಂಬಿಸಬೇಡಿ, ನಿಮಗೆ ಎತ್ತಲಿಕ್ಕೆ ಆಗುವುದಿಲ್ಲ. ಸೋಮವಾರದಿಂದ ನಾನಿದ್ದೇನೆ.”

ರಜೆಯ ಮೇಲೆ ಹೋಗುವವರು ಚಾರ್ಜು ಒಪ್ಪಿಸುವುದನ್ನು ನಾನು ಬ್ಯಾಂಕಿನಲ್ಲಿ ಬಹಳ ಕಂಡಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ ಒಪ್ಪಿಸಿದವರು ಕಡಿಮೆ. “ಆಯ್ತು ಮಗಾ” ಎಂದೆ. ಶನಿವಾರ ಬೆಳಿಗ್ಗೆ ದೊಡ್ಡ ಕೊಡಪಾನವನ್ನು ಮುಕ್ಕಾಲು ಮಾತ್ರ ತುಂಬಿಸಿದೆ.