ಲಿನಕ್ಸ್ ಕರ್ನೆಲ್ಲಿನಲ್ಲಿ ಕಂಪೈಲರಿನ ಮೇಲ್ಮಿತಿಯಲ್ಲ, ಕೆಳಮಿತಿ

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್, ಗಣಕಯಂತ್ರದ ಅಂಗಗಳನ್ನು ನಡೆಸುವ ಕ್ರಮವಿಧಿ. ಇದು ಬಹುಮಟ್ಟಿಗೆ ಸಿ ಭಾಷೆಯಲ್ಲಿ ರಚಿತವಾಗಿದೆ. ಆ ಬರಹವನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳಾಗಿ ಮಾರ್ಪಡಿಸುವ ಉಪಕರಣವೇ ಕಂಪೈಲರ್. ಕರ್ನೆಲ್ಲಿಗೆ ದುಡಿಯುವವರು ನಾನಾ ದೇಶಗಳಲ್ಲಿದ್ದಾರೆ. ಎಲ್ಲರ ಬಳಿಯೂ ಹೊಸ ಕಂಪೈಲರ್ ಇರುವುದಿಲ್ಲ. ಆದುದರಿಂದ ಯಾವ ಆವೃತ್ತಿಗಿಂತ ಹಳೆಯದು ಸಲ್ಲದೆಂಬ ಕೆಳಮಿತಿಯನ್ನು ಮಾತ್ರ ಅಲ್ಲಿ ವಿಧಿಸಲಾಗುತ್ತದೆ. ಆ ಮಿತಿಯನ್ನು ಏರಿಸಿದೊಡನೆ, ಹಳೆಯ ಉಪಕರಣವುಳ್ಳವನು ಒಂದು ಸಾಲನ್ನು ತಿದ್ದಿ ಪರೀಕ್ಷಿಸಬೇಕಾದರೂ ಮೊದಲು ತನ್ನ ಯಂತ್ರವನ್ನು ಸಜ್ಜುಗೊಳಿಸಿಕೊಳ್ಳಬೇಕಾಗುತ್ತದೆ.

ಈ ಸಂಕೋಚದಿಂದ ಕರ್ನೆಲ್ ದೀರ್ಘಕಾಲ 1989ರ ಸಿ ಮಾನಕವನ್ನೇ, ಗ್ನೂ ವಿಸ್ತರಣೆಗಳೊಡನೆ, ಅನುಸರಿಸುತ್ತ ಬಂದಿತು. ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಆ ಮಾನಕದಲ್ಲಿ ಆವರ್ತನದ ಚರವನ್ನು ಆವರ್ತನದ ಹೊರಗೇ ಘೋಷಿಸಬೇಕು. ಹೀಗಾಗಿ ಆವರ್ತನ ಮುಗಿದ ಮೇಲೂ ಚರ ಉಳಿಯುತ್ತದೆ. ಒಂದು ಪಟ್ಟಿಯನ್ನು ಕೊನೆಯವರೆಗೆ ಹುಡುಕಿ ಬೇಕಾದುದು ಸಿಗದಿದ್ದಾಗ, ಚರವು ಪಟ್ಟಿಯ ಶಿರೋಭಾಗವನ್ನೇ ಒಂದು ಘಟಕವೆಂಬಂತೆ ತೋರಿಸುತ್ತಿರುತ್ತದೆ. ಅದನ್ನು ಯಾರಾದರೂ ಮರೆತು ಬಳಸಿದರೆ ಕಂಪೈಲರ್ ತುಟಿಬಿಚ್ಚುವುದಿಲ್ಲ.

2022ರ ಫೆಬ್ರವರಿಯಲ್ಲಿ ಇಂತಹ ದೋಷದ ಚರ್ಚೆ ನಡೆದಾಗ, ಹೊಸ ಮಾನಕವನ್ನೇಕೆ ಅಂಗೀಕರಿಸಬಾರದೆಂಬ ಪ್ರಶ್ನೆಯನ್ನು ಟೋರ್ವಾಲ್ಡ್ಸ್ ಎತ್ತಿದರು. ಜಿಸಿಸಿ ಕಂಪೈಲರಿನ 4.9 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳು, ಹೊಸ ಮಾನಕವನ್ನು ಆಯ್ದಾಗ ಕರ್ನೆಲ್ಲಿನ ಕೆಲವು ಆರಂಭಮೌಲ್ಯ ನಿರೂಪಣೆಗಳನ್ನು ತಿರಸ್ಕರಿಸುತ್ತಿದ್ದವು. ಆದರೆ 2021ರ 5.15 ಆವೃತ್ತಿಯಲ್ಲಿ ಕೆಳಮಿತಿ ಜಿಸಿಸಿ 5.1ಕ್ಕೆ ಏರಿತ್ತು, ಅದು 2015ರಲ್ಲಿ ಹೊರಬಂದ ಕಂಪೈಲರ್. ಅಡ್ಡಿ ಆಗಲೇ ನಿವಾರಣೆಯಾಗಿತ್ತೆನ್ನಬಹುದು. ಅದೇ ಮೇ ತಿಂಗಳಲ್ಲಿ ಬಂದ 5.18ರಲ್ಲಿ 2011ರ ಮಾನಕ ಜಾರಿಗೆ ಬಂದಿತು.

ಆಗಲೂ ಹಳೆಯ ಬರಹವನ್ನು ಒಮ್ಮೆಗೇ ತಿದ್ದಿಸಲಿಲ್ಲ. ಪಟ್ಟಿಯನ್ನು ಸಂಚರಿಸುವ ರೂಢಿಯ ಮ್ಯಾಕ್ರೋಗಳು ಇದ್ದಂತೆಯೇ ಉಳಿದವು. ಚರಗಳನ್ನು ಖಂಡದ ಮೊದಲಲ್ಲೇ ಘೋಷಿಸಬೇಕೆಂದು ಎಚ್ಚರಿಸುವ ಏರ್ಪಾಡನ್ನೂ ಆ ಆವೃತ್ತಿಯಲ್ಲಿ ಕೈಬಿಡಲಿಲ್ಲ. ದೊರೆತದ್ದು ಒಂದು ಸೌಕರ್ಯ ಮಾತ್ರ: ಆವರ್ತನದೊಳಗೇ ಚರವನ್ನು ಘೋಷಿಸಬಹುದು. ಇದು ಅರೆಮನಸ್ಸಿನ ಸುಧಾರಣೆಯೆಂದು ಮೇಲುನೋಟಕ್ಕೆ ತೋರಬಹುದು. ಸಾವಿರಾರು ಕೈಗಳ ಅಭ್ಯಾಸವನ್ನು ಕದಡದೆ ದೋಷದ ದಾರಿಯನ್ನು ಮುಚ್ಚಲು ತೊಡಗುವುದಕ್ಕೆ ಅದೇ ಉಚಿತವಾದ ಕ್ರಮವಾಗಿತ್ತು.

2025ರ 6.16 ಆವೃತ್ತಿಯಲ್ಲಿ ಕೆಳಮಿತಿ ಜಿಸಿಸಿ 8ಕ್ಕೆ ಏರಿತು. ಆ ವೇಳೆಗೆ ಅದು ಏಳು ವರ್ಷ ಹಳೆಯದು; ಡೆಬಿಯನ್ 10, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಇವುಗಳೊಡನೆ ಬಂದ ಕಂಪೈಲರೂ ಅದೇ.