ಉಚಿತ ವಿಸ್ತರಣೆಗಳೂ ಕರ್ತೃಗಳ ಆತ್ಮಪ್ರಚಾರವೂ

'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ' ಎಂಬ ಗಾದೆಯನ್ನು ನಮ್ಮ ಹಿರಿಯರು ಬಿಟ್ಟಿ ಪಡೆದುದರಲ್ಲಿ ಕೊರತೆ ಹುಡುಕುವವರನ್ನು ಹಾಸ್ಯಮಾಡಲು ಬಳಸುತ್ತಿದ್ದರು. ಕಂಪ್ಯೂಟರಿನ ಲೋಕದಲ್ಲಿ ಈ ಗಾದೆಯ ಬಲ ಇಂದಿಗೂ ಕುಂದಿಲ್ಲ. ಹಣ ತೆರದೆ ಪಡೆದ ಸಲಕರಣೆಯೊಂದು ತನ್ನ ಕರ್ತೃವಿನ ಹೆಸರನ್ನೂ ಅವನ ಇತರ ಸರಕನ್ನೂ ಅವನ ದೇಣಿಗೆಯ ಪೆಟ್ಟಿಗೆಯನ್ನೂ ಮೇಲಿಂದ ಮೇಲೆ ನಮ್ಮ ಕಣ್ಣೆದುರು ತಂದು ನಿಲ್ಲಿಸಿದಾಗ, ಬೇಸರಗೊಂಡವನಿಗೆ ದೊರೆಯುವ ಉತ್ತರ ಒಂದೇ: 'ಬಿಟ್ಟಿ ಬಂದದ್ದು ತಾನೆ, ಬೇಡವಾದರೆ ತೆಗೆದುಹಾಕು.' ಉತ್ತರ ಚುಟುಕಾಗಿದೆ, ಪೂರ್ಣವಾಗಿಲ್ಲ. ಏಕೆಂದರೆ ಇಲ್ಲಿ ಕೊಟ್ಟವನು ದಟ್ಟಿಯನ್ನು ಕೊಟ್ಟು ಹೊರಟುಹೋದವನಲ್ಲ. ದಟ್ಟಿಯೊಡನೆ ನಮ್ಮ ಮನೆಯೊಳಕ್ಕೇ ಬಂದು ಕುಳಿತವನು. ಇಂಥ ದಾನದಲ್ಲಿ ಮೊಳ ಹಾಕುವುದು ಕೃತಘ್ನತೆಯಲ್ಲ.

ಮೊದಲು ಪದದ ಮಾತು. ಜಾಲಪುಟಗಳನ್ನು ನೋಡಲು ನಾವು ಬಳಸುವ ಕ್ರೋಮ್, ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶಗಳಿಗೆ ಬ್ರೌಸರ್ ಎಂದು ಹೆಸರು. ಈ ಬ್ರೌಸರಿಗೆ ಹೊರಗಿನವರು ಬರೆದು ಜೋಡಿಸುವ ಸಣ್ಣ ತಂತ್ರಾಂಶವೇ ಎಕ್ಸ್‌ಟೆನ್ಷನ್. ಇದನ್ನು 'ವಿಸ್ತರಣೆ' ಎಂದು ಕನ್ನಡಿಸುವ ರೂಢಿ ಬಂದಿದೆ. ನನಗೆ ಈ ಪದ ಅಷ್ಟಾಗಿ ರುಚಿಸದು. ಸಭೆಯ ಅವಧಿಯನ್ನೋ ಊರಿನ ರಸ್ತೆಯನ್ನೋ ವಿಸ್ತರಿಸುತ್ತೇವೆಯೇ ಹೊರತು, ಒಂದು ಯಂತ್ರಕ್ಕೆ ಇನ್ನೊಂದನ್ನು ಸೇರಿಸುವುದಕ್ಕೆ ಹಾಗೆನ್ನುವುದಿಲ್ಲ. 'ಉಪಾಂಗ' ಎಂದಿದ್ದರೆ ಲೇಸಾಗುತ್ತಿತ್ತು. ಆದರೆ ಚಲಾವಣೆಯಲ್ಲಿರುವ ನಾಣ್ಯವನ್ನು ಬ್ಯಾಂಕಿನವನೇ ನಿರಾಕರಿಸುವುದು ತರವಲ್ಲವಾದುದರಿಂದ ವಿಸ್ತರಣೆಯೆಂದೇ ಮುಂದುವರಿಯುವೆನು. ಜಾಹೀರಾತುಗಳನ್ನು ತಡೆಯುವುದು, ಗುಪ್ತಪದಗಳನ್ನು ಕಾಪಾಡುವುದು, ಪದಗಳಿಗೆ ಅರ್ಥ ಹೇಳುವುದು, ಕಣ್ಣಿಗೆ ಹಿತವಾಗುವಂತೆ ಪುಟವನ್ನು ಕಪ್ಪಾಗಿಸುವುದು - ಇಂಥ ನೂರಾರು ಉಪಕಾರಗಳನ್ನು ಇವು ಮಾಡುತ್ತವೆ. ಇವುಗಳಲ್ಲಿ ಬಹುಪಾಲು ಉಚಿತ.

ಈ ಉಪಕಾರಕ್ಕಾಗಿ ನಾವು ಕೊಡುವ ಅಧಿಕಾರವೇನೆಂಬುದನ್ನು ಗಮನಿಸಬೇಕು. ಅನೇಕ ವಿಸ್ತರಣೆಗಳನ್ನು ಸೇರಿಸಿಕೊಳ್ಳುವಾಗ, ನಾವು ಭೇಟಿಯಿಡುವ ಎಲ್ಲ ಜಾಲತಾಣಗಳಲ್ಲಿರುವ ನಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಾಯಿಸಲು ಅದಕ್ಕೆ ಸಾಧ್ಯವಾಗುವುದೆಂದು ಬ್ರೌಸರು ಎಚ್ಚರಿಸುತ್ತದೆ. ಈ ಎಚ್ಚರಿಕೆಯ ಎರಡನೆಯ ಕ್ರಿಯಾಪದದ ಮೇಲೆ ಹೆಚ್ಚಿನವರು ಕಣ್ಣು ನಿಲ್ಲಿಸುವುದಿಲ್ಲ. ನನ್ನ ವೃತ್ತಿಯಲ್ಲಿ ಗ್ರಾಹಕನೊಬ್ಬನು ಮತ್ತೊಬ್ಬನಿಗೆ ಬರೆದುಕೊಟ್ಟ ಮುಖ್ತ್ಯಾರು ಪತ್ರ ಮೇಜಿಗೆ ಬಂದರೆ ಅದರ ಒಂದೊಂದು ಕಲಮನ್ನೂ ಎರಡೆರಡು ಸಲ ಓದುತ್ತೇವೆ: ಖಾತೆ ನೋಡಲು ಮಾತ್ರ ಅಧಿಕಾರವೋ, ಹಣ ತೆಗೆಯಲೂ ಅಧಿಕಾರವುಂಟೋ ಎಂದು. ಅದೇ ಗ್ರಾಹಕನು ಮನೆಯಲ್ಲಿ ಕುಳಿತು ತನ್ನ ಖಾತೆಯ ಪುಟವೂ ಸೇರಿದಂತೆ ತಾನು ನೋಡುವ ಸಮಸ್ತ ಪುಟಗಳ ಮುಖ್ತ್ಯಾರಿಕೆಯನ್ನು ಒಂದು ಗುಂಡಿಯೊತ್ತಿ ಕೊಟ್ಟುಬಿಡುತ್ತಾನೆ. ಇದು ವಿಸ್ತರಣೆಯ ದೋಷವೆಂದು ಹೇಳಲಾಗದು. ಪುಟದೊಳಗಿನ ಜಾಹೀರಾತನ್ನು ತೆಗೆಯಬೇಕಾದರೆ ಪುಟವನ್ನು ಓದಲೇಬೇಕು, ಬದಲಾಯಿಸಲೇಬೇಕು. ಇದರೊಡನೆ ಇನ್ನೊಂದು ಸಂಗತಿಯೂ ಉಂಟು. ವಿಸ್ತರಣೆಗಳು ತಾವಾಗಿಯೇ, ಸದ್ದಿಲ್ಲದೆ ನವೀಕರಣಗೊಳ್ಳುತ್ತವೆ. ನಾವು ನಂಬಿ ಒಳಗೆ ಬಿಟ್ಟುಕೊಂಡದ್ದು ಇಂದಿನ ತಂತ್ರಾಂಶವನ್ನು; ಮುಂದಿನ ತಿಂಗಳು ಅದೇ ಹೆಸರಿನಲ್ಲಿ ಒಳಗಿರುವುದು ಬೇರೆಯದೇ ಆಗಿರಬಹುದು.

ಆತ್ಮಪ್ರಚಾರ ನುಸುಳುವುದು ಈ ನವೀಕರಣದ ಬಾಗಿಲಿನಿಂದಲೇ. ವಿಸ್ತರಣೆಯು ಹೊಸದಾಗಿ ಸ್ಥಾಪನೆಯಾಯಿತೋ ಅಥವಾ ನವೀಕರಣಗೊಂಡಿತೋ ಎಂಬುದನ್ನು ಬ್ರೌಸರು ಅದಕ್ಕೆ ತಿಳಿಸುತ್ತದೆ. ಹಳೆಯ ಲೆಕ್ಕವನ್ನು ಹೊಸ ರೂಪಕ್ಕೆ ಹೊಂದಿಸಿಕೊಳ್ಳಲೆಂದು ಇರುವ ಸೌಕರ್ಯ ಅದು. ಕರ್ತೃವಾದವನು ಇದನ್ನೇ ಹಿಡಿದು ಪ್ರತಿಯೊಂದು ನವೀಕರಣಕ್ಕೂ ತನ್ನ ಜಾಲತಾಣದ ಪುಟವೊಂದು ತಾನಾಗಿ ತೆರೆದುಕೊಳ್ಳುವಂತೆ ಮಾಡಬಲ್ಲನು. ವಿಸ್ತರಣೆಯನ್ನು ತೆಗೆದುಹಾಕಿದಾಗಲೂ ಒಂದು ಪುಟ ತೆರೆಯುವಂತೆ ಏರ್ಪಾಡು ಮಾಡಬಹುದು; ಬೀಳ್ಕೊಡುವಾಗ ಬಾಗಿಲಲ್ಲಿ ನಿಂತು 'ಏಕೆ ಹೊರಟಿರಿ?' ಎಂದು ಕೇಳುವ ಮಾದರಿ. ಇನ್ನು ಗುಂಡಿಯ ಮೇಲೆ ಕೆಂಪು ಅಂಕಿ ಮೂಡಿಸುವುದು, ಹೊಸ ಪುಟ ತೆರೆದಾಗ ತನ್ನ ಮುಖವನ್ನೇ ತೋರಿಸುವುದು, ಪರರ ಪುಟದ ನೆತ್ತಿಯ ಮೇಲೆ ದೇಣಿಗೆಯ ಪಟ್ಟಿಯನ್ನು ಅಂಟಿಸುವುದು ಮುಂತಾದುವು. ಇವುಗಳಲ್ಲಿ ಕೊನೆಯದು ಮಿಕ್ಕವುಗಳಿಂದ ಜಾತಿಯಲ್ಲೇ ಭಿನ್ನವಾದುದು. ಪುಟ ಬರೆದವನದಲ್ಲದ, ಓದುವವನು ಬೇಡದ ಮಾತನ್ನು ನಡುವಿನವನು ತನ್ನ ಮುಖ್ತ್ಯಾರಿಕೆಯ ಬಲದಿಂದ ಅಲ್ಲಿ ಬರೆದಂತಾಯಿತು.

ಕರ್ತೃವು ತನ್ನ ಹೆಸರನ್ನು ಹೇಳಿಕೊಳ್ಳುವುದೇ ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಬೇಲೂರಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಹೊಯ್ಸಳರ ಹಲವು ದೇಗುಲಗಳಲ್ಲಿ ಮಲ್ಲಿತಮ್ಮನು ತನ್ನ ಹೆಸರನ್ನು ಕೊರೆದಿದ್ದಾನೆ. ಆ ಹೆಸರುಗಳಿಲ್ಲದಿದ್ದರೆ ನಮ್ಮ ಶಿಲ್ಪಚರಿತ್ರೆ ಎಷ್ಟು ಬಡವಾಗುತ್ತಿತ್ತು! ಆದರೆ ಆ ಹೆಸರು ಇರುವುದು ಕೃತಿಯ ಪಾದದಲ್ಲಿ. ಬಾಗಿ ನೋಡಿದವನಿಗೆ ಕಾಣುತ್ತದೆ, ದೇವರಿಗೆ ಕೈಮುಗಿಯಲು ಬಂದವನ ಕೈಯನ್ನು ಹಿಡಿದೆಳೆಯುವುದಿಲ್ಲ. ವಿಸ್ತರಣೆಯ ಆಯ್ಕೆಗಳ ಪುಟದ ತಳದಲ್ಲಿ ಕರ್ತೃವಿನ ಹೆಸರೂ ದೇಣಿಗೆಯ ವಿಳಾಸವೂ ಇದ್ದರೆ ಅದು ಈ ಬಗೆಯ ಅಂಕಿತ. ಓದುಗನು ಬೇರೆ ಕೆಲಸದಲ್ಲಿ ಮಗ್ನನಾಗಿದ್ದಾಗ ಎದುರು ಬಂದು ನಿಂತರೆ ಅದು ಪ್ರಚಾರ. ಇವೆರಡರ ಅಂತರ ಅಳತೆಯದಲ್ಲ, ಸ್ಥಳದ್ದು.

ಈ ಅಂತರ ಮರೆತಾಗ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ 2009ರ ನೋಸ್ಕ್ರಿಪ್ಟ್ ಪ್ರಕರಣದಷ್ಟು ಬೋಧಪ್ರದವಾದ ನಿದರ್ಶನ ಮತ್ತೊಂದಿಲ್ಲ. ಇಟಲಿಯ ಜಾರ್ಜಿಯೋ ಮಾಓನೆ ಎಂಬವರು 2005ರಲ್ಲಿ ಫೈರ್‌ಫಾಕ್ಸಿಗಾಗಿ ಹೊರತಂದ ಈ ವಿಸ್ತರಣೆ, ನಾವು ಅನುಮತಿಸಿದ ತಾಣಗಳನ್ನು ಬಿಟ್ಟು ಬೇರೆಲ್ಲಿಯೂ ಪುಟದೊಳಗಿನ ಜಾವಾಸ್ಕ್ರಿಪ್ಟ್ ಆದೇಶಗಳು ನಡೆಯದಂತೆ ತಡೆಯುತ್ತದೆ. ಭದ್ರತೆಯ ದೃಷ್ಟಿಯಿಂದ ಅದು ನಿಜವಾಗಿಯೂ ದೊಡ್ಡ ಕೆಲಸ. ಆದರೆ ಪ್ರತಿ ನವೀಕರಣದ ಬಳಿಕ ನೋಸ್ಕ್ರಿಪ್ಟಿನ ಮನೆಪುಟ ತಾನಾಗಿ ತೆರೆದುಕೊಳ್ಳುತ್ತಿತ್ತು. ನವೀಕರಣಗಳೂ ಅಡಿಗಡಿಗೆ ಬರುತ್ತಿದ್ದುವು. ಆ ಪುಟದಲ್ಲಿ ಹೊಸ ಬದಲಾವಣೆಗಳ ವಿವರದೊಂದಿಗೆ ಜಾಹೀರಾತುಗಳೂ ಇದ್ದುವು. ಅವುಗಳ ಆದಾಯದಿಂದ ಕೆಲಸ ನಡೆಯಬೇಕಾಗಿತ್ತು. ಇತ್ತ ಆಡ್‌ಬ್ಲಾಕ್ ಪ್ಲಸ್ ಎಂಬ ಮತ್ತೊಂದು ವಿಸ್ತರಣೆ, ಈಜಿಲಿಸ್ಟ್ ಎಂಬ ಪಟ್ಟಿಯನ್ನು ಅನುಸರಿಸಿ ಜಾಹೀರಾತುಗಳನ್ನು ಅಳಿಸುತ್ತಿತ್ತು. ಎರಡನ್ನೂ ಇಟ್ಟುಕೊಂಡ ಬಳಕೆದಾರರು ಅನೇಕರು. ಪಟ್ಟಿಯವರು ನೋಸ್ಕ್ರಿಪ್ಟ್ ಪುಟದ ಜಾಹೀರಾತುಗಳನ್ನು ತಡೆದರು. ಮಾಓನೆ ಪುಟವನ್ನು ಬದಲಿಸಿ ತಪ್ಪಿಸಿಕೊಂಡರು. ಪಟ್ಟಿಯವರು ತಡೆಯನ್ನು ಇನ್ನೂ ಅಗಲಗೊಳಿಸಿದರು. ಈ ಹಗ್ಗಜಗ್ಗಾಟದಲ್ಲಿ ಪುಟದ ಜಾಹೀರಾತಲ್ಲದ ಭಾಗಗಳೂ ಕೆಟ್ಟುವು. ಕೊನೆಗೆ ಮಾಓನೆಯವರು, ಬಳಕೆದಾರನ ಕಂಪ್ಯೂಟರಿನಲ್ಲಿ ತಮ್ಮ ವಿಸ್ತರಣೆಗಿದ್ದ ಅಧಿಕಾರವನ್ನು ಬಳಸಿ, ನೆರೆಯ ವಿಸ್ತರಣೆಯಾದ ಆಡ್‌ಬ್ಲಾಕ್ ಪ್ಲಸ್ಸಿನ ನಡತೆಯನ್ನೇ ತಿದ್ದಿದರು. ತಮ್ಮ ತಾಣಗಳಿಗೆ ಅದು ವಿನಾಯಿತಿ ಕೊಡುವಂತೆ ಮಾಡಿದರು.

ಮೇ ತಿಂಗಳ ಮೊದಲಲ್ಲಿ ಆಡ್‌ಬ್ಲಾಕ್ ಪ್ಲಸ್ಸಿನ ಕರ್ತೃ ವ್ಲಾಡಿಮಿರ್ ಪಾಲಂಟ್ ಇದನ್ನು ಬಯಲಿಗೆಳೆದಾಗ ದೊಡ್ಡ ಗುಲ್ಲೆದ್ದಿತು. ಕೆಲವೇ ದಿನಗಳಲ್ಲಿ ಮಾಓನೆ ಆ ಭಾಗವನ್ನು ತೆಗೆದುಹಾಕಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರ ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಕಾರಣ ಕಾಣದು. ನೋಸ್ಕ್ರಿಪ್ಟ್ ಆಮೇಲೂ ಗೌರವದಿಂದ ಬಾಳಿತು. ಆದರೆ ಘಟನೆಯ ಕ್ರಮವನ್ನು ನೋಡಿರಿ. ಆರಂಭದಲ್ಲಿ ಇದ್ದುದು ತಾನಾಗಿ ತೆರೆಯುವ ಒಂದು ಪುಟ ಮಾತ್ರ. ಅದನ್ನು ಉಳಿಸಿಕೊಳ್ಳಲು ಒಂದು ಉಪಾಯ, ಆ ಉಪಾಯವನ್ನು ಉಳಿಸಿಕೊಳ್ಳಲು ಮತ್ತೊಂದು. ಪರರ ಆದೇಶಗಳು ನಮ್ಮ ಅರಿವಿಲ್ಲದೆ ನಡೆಯಬಾರದೆಂದು ಹುಟ್ಟಿದ ಸಲಕರಣೆಯೇ ನಮ್ಮ ಅರಿವಿಲ್ಲದೆ ಪರರ ಸಲಕರಣೆಯನ್ನು ತಿದ್ದುವಂತಾಯಿತು.

ಫೈರ್‌ಫಾಕ್ಸನ್ನು ನಿರ್ಮಿಸುವ ಮೊಜಿಲ್ಲಾ ಸಂಸ್ಥೆ ಈ ಪ್ರಕರಣದ ಫಲವಾಗಿ 'ಅನಿರೀಕ್ಷಿತ ಬೇಡ' ಎಂಬರ್ಥದ ನಿಯಮವನ್ನು ಮುಂದಿಟ್ಟಿತು. ವಿಸ್ತರಣೆಯು ತನ್ನ ಮುಖ್ಯ ಉದ್ದೇಶಕ್ಕೆ ಸಂಬಂಧಿಸದ ಬದಲಾವಣೆಯನ್ನು ಮಾಡುವುದಾದರೆ ಅದನ್ನು ಮುಂಚಿತವಾಗಿ ಸ್ಪಷ್ಟವಾಗಿ ತಿಳಿಸಬೇಕು, ಬಳಕೆದಾರನು ತಾನಾಗಿ ಒಪ್ಪಿದ ಮೇಲೆಯೇ ಅದು ಜಾರಿಗೆ ಬರಬೇಕು ಎಂಬುದು ಅದರ ಸಾರ. ವಿನೋದವೆಂದರೆ 2017ರ ಡಿಸೆಂಬರಿನಲ್ಲಿ ಮೊಜಿಲ್ಲಾ ಸಂಸ್ಥೆಯೇ 'ಲುಕಿಂಗ್ ಗ್ಲಾಸ್' ಎಂಬ ವಿಸ್ತರಣೆಯನ್ನು ಬಹುಮಂದಿ ಬಳಕೆದಾರರ ಫೈರ್‌ಫಾಕ್ಸಿನೊಳಗೆ ಕೇಳದೆಯೇ ಇಳಿಸಿತು. 'ಮಿಸ್ಟರ್ ರೋಬಾಟ್' ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯ ಪ್ರಚಾರಕ್ಕಾಗಿ ಮಾಡಿದ ಆಟವದು. ಅದರ ವಿವರಣೆಯೂ ಒಗಟಿನ ಒಂದು ಸಾಲಾಗಿದ್ದು, ತಮ್ಮ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿದರೆಂದು ಅನೇಕರು ಗಾಬರಿಗೊಂಡರು. ಸಂಸ್ಥೆ ಕ್ಷಮೆ ಕೇಳಿ ಅದನ್ನು ಹಿಂತೆಗೆದುಕೊಂಡಿತು. ನಿಯಮ ಬರೆದ ಕೈಗೂ ಪ್ರಚಾರದ ಚಪಲ ತಪ್ಪಿದ್ದಲ್ಲ.

ಇಷ್ಟಾದರೂ ಕರ್ತೃಗಳ ಪಕ್ಷವನ್ನು ಕೇಳದೆ ತೀರ್ಪು ಹೇಳಲಾಗದು. ವಿಸ್ತರಣೆಯನ್ನು ಬರೆಯುವುದು ಒಂದು ವಾರದ ಕೆಲಸವಿರಬಹುದು. ಅದನ್ನು ಕಾಪಾಡುವುದು ವರ್ಷಗಳ ಜೀತ. ಬ್ರೌಸರು ಬದಲಾದಾಗಲೆಲ್ಲ ಇದನ್ನೂ ಬದಲಿಸಬೇಕು, ದೂರುಗಳಿಗೆ ಉತ್ತರ ಬರೆಯಬೇಕು. ಇದಕ್ಕೆ ನ್ಯಾಯವಾದ ಸಂಬಳ ದೊರೆಯುವ ದಾರಿ ಕಿರಿದಾಗುತ್ತ ಬಂದಿದೆ. ಕ್ರೋಮ್ ಅಂಗಡಿಯಲ್ಲಿ ವಿಸ್ತರಣೆಗೆ ಬೆಲೆಯಿಟ್ಟು ಮಾರುವ ಸೌಕರ್ಯ ಮೊದಲು ಇದ್ದಿತು. ಗೂಗಲ್ 2020ರ ಸೆಪ್ಟೆಂಬರಿನಲ್ಲಿ ಆ ಪಾವತಿ ವ್ಯವಸ್ಥೆಯನ್ನು ಮುಚ್ಚುವುದಾಗಿ ಸಾರಿ, 2021ರ ಫೆಬ್ರುವರಿಯಿಂದ ಅದರ ಮೂಲಕ ಹಣ ಪಡೆಯುವುದನ್ನು ನಿಲ್ಲಿಸಿತು. ಕರ್ತೃವು ಬೇರೆಡೆ ಹಣ ಪಡೆಯುವ ಏರ್ಪಾಡು ಮಾಡಿಕೊಳ್ಳಬಹುದು, ನಿಜ; ಆದರೆ ಬೆಲೆಚೀಟಿಯೇ ಇಲ್ಲದ ಅಂಗಡಿಯಲ್ಲಿ ಕೊಳ್ಳುವವನಿಗೆ ಬೆಲೆಯ ಕಲ್ಪನೆಯೂ ಅಳಿಯುತ್ತದೆ. ಹೀಗಿರುವಾಗ ದೇಣಿಗೆಯ ಕೂಗು ಜೋರಾಗುವುದು ಆಶ್ಚರ್ಯವಲ್ಲ.

ಬೆಲೆಯಿಲ್ಲವೆಂದರೆ ಮೌಲ್ಯವಿಲ್ಲವೆಂದಲ್ಲ, ಲೆಕ್ಕಪತ್ರದಲ್ಲಿ ಕಾಣದ ಆಸ್ತಿಯೊಂದು ಇಲ್ಲಿದೆ. ಅದು ಬಳಕೆದಾರರ ಸಂಖ್ಯೆ. ನಮ್ಮ ದೇಶದ ತಂತ್ರಜ್ಞಾನ ಲೇಖಕ ಅಮಿತ್ ಅಗರ್ವಾಲ್ ಅವರು ಸುಮಾರು ಒಂದು ಗಂಟೆಯಲ್ಲಿ ಬರೆದ 'ಆಡ್ ಟು ಫೀಡ್ಲಿ' ಎಂಬ ಕ್ರೋಮ್ ವಿಸ್ತರಣೆಗೆ 30,000ಕ್ಕೂ ಮೇಲ್ಪಟ್ಟ ಬಳಕೆದಾರರಿದ್ದರು. ನಾಲ್ಕು ಅಂಕಿಯ ಡಾಲರು ಮೊತ್ತಕ್ಕೆ ಅದನ್ನು ಕೊಳ್ಳಲು ಅಪರಿಚಿತರೊಬ್ಬರು ಮುಂದೆ ಬಂದರು, ಮಾರಾಟವಾಯಿತು. ತಿಂಗಳೊಂದರಲ್ಲಿ ಹೊಸ ಒಡೆಯರು ನವೀಕರಣದ ಮೂಲಕ ಎಲ್ಲ ಪುಟಗಳಿಗೂ ಜಾಹೀರಾತು ತುಂಬತೊಡಗಿದರು. 2014ರ ಜನವರಿಯಲ್ಲಿ ಅಗರ್ವಾಲರು ತಾವೇ ಇದನ್ನು ಪ್ರಕಟವಾಗಿ ಬರೆದು, ಮಾರಿದುದಕ್ಕಾಗಿ ವಿಷಾದಿಸಿದರು. ಗೂಗಲ್ ಅದನ್ನು ಅಂಗಡಿಯಿಂದ ತೆಗೆಯಿತು. 'ದಿ ಗ್ರೇಟ್ ಸಸ್ಪೆಂಡರ್' ಎಂಬ ಜನಪ್ರಿಯ ವಿಸ್ತರಣೆಯೂ 2020ರಲ್ಲಿ ಕೈಬದಲಾಗಿ, 2021ರ ಫೆಬ್ರುವರಿಯಲ್ಲಿ ದುಷ್ಟ ತಂತ್ರಾಂಶವೆಂದು ಗೂಗಲ್ಲಿನಿಂದ ಹೊರದೂಡಲ್ಪಟ್ಟಿತು. ಹೊಸ ಅಧಿಕಾರವೊಂದನ್ನು ನವೀಕರಣವು ಬೇಡಿದರೆ ಕ್ರೋಮ್ ನಮ್ಮ ಒಪ್ಪಿಗೆ ಕೇಳುವುದುಂಟು. ಆದರೆ ಎಲ್ಲ ಪುಟಗಳನ್ನು ಓದುವ, ಬದಲಾಯಿಸುವ ಅಧಿಕಾರವನ್ನು ಮೊದಲ ಒಡೆಯನಿಗೇ ಕೊಟ್ಟಿದ್ದರೆ ಎರಡನೆಯವನು ಏನನ್ನೂ ಕೇಳಬೇಕಾಗಿಲ್ಲ. ಮನೆ ಮಾರಿದಾಗ ಬೀಗದ ಕೈಯೂ ಅದರೊಡನೆ ಹೋಗುತ್ತದೆ.

ಆತ್ಮಪ್ರಚಾರವನ್ನು ಕೇವಲ ಶಿಷ್ಟಾಚಾರದ ಪ್ರಶ್ನೆಯೆಂದು ನಾನು ತಳ್ಳಿಹಾಕದಿರುವುದು ಈ ಕಾರಣದಿಂದ. ಪಟ್ಟಿಯೊಂದನ್ನು ನಮ್ಮ ಪುಟದ ಮೇಲೆ ಅಂಟಿಸುವ ಅಧಿಕಾರವೂ ನಮ್ಮ ಖಾತೆಯ ಶಿಲ್ಕನ್ನು ಓದುವ ಅಧಿಕಾರವೂ ಒಂದೇ. ಆ ಅಧಿಕಾರವನ್ನು ಕೊಟ್ಟ ಉದ್ದೇಶ ಮೀರಿ ಕರ್ತೃವು ತನ್ನ ಲಾಭಕ್ಕೆ ಎಷ್ಟು ಸಲೀಸಾಗಿ ಬಳಸುತ್ತಾನೆಂಬುದಕ್ಕೆ ಪ್ರಚಾರವು ಹೊರಗೆ ಕಾಣುವ ಗುರುತು. ದೇಣಿಗೆ ಬೇಡಿದವರೆಲ್ಲರೂ ವಂಚಕರೆಂದಲ್ಲ, ಹಾಗೆನ್ನುವುದು ಅನ್ಯಾಯ. ಬ್ಯಾಂಕಿನ ಗುಮಾಸ್ತನು ಠೇವಣಿ ಇಡಲು ಬಂದವನಿಗೆ ವಿಮೆಯನ್ನು ಮಾರಲು ಯತ್ನಿಸಿದರೆ ಅವನು ಕಳ್ಳನಾಗುವುದಿಲ್ಲ. ಆದರೆ ಗ್ರಾಹಕನು ಅಂದಿನಿಂದ ಸಹಿ ಹಾಕುವ ಮುನ್ನ ಕಾಗದವನ್ನು ತಿರುವಿ ನೋಡುತ್ತಾನೆ, ನೋಡಬೇಕಾದದ್ದೇ.

ಬೇರೆ ದಾರಿಗಳಿಲ್ಲವೆಂದಲ್ಲ. ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯ ವಿಸ್ತರಣೆಯ ಕರ್ತೃ ರೇಮಂಡ್ ಹಿಲ್ ದೇಣಿಗೆಯನ್ನೇ ಸ್ವೀಕರಿಸುವುದಿಲ್ಲ. ಕೊಡಲೇಬೇಕೆನಿಸಿದರೆ ತಡೆಯ ಪಟ್ಟಿಗಳನ್ನು ಸಿದ್ಧಪಡಿಸುವವರಿಗೆ ಕೊಡಿರೆನ್ನುತ್ತಾರೆ. ಮೂಲ ಯುಬ್ಲಾಕನ್ನು 2015ರಲ್ಲಿ ಅವರು ಬೇರೊಬ್ಬರಿಗೆ ಒಪ್ಪಿಸಿದ್ದರು. ಅಲ್ಲಿ ದೇಣಿಗೆಯ ಕೋರಿಕೆ ಕಾಣಿಸಿಕೊಂಡಿತು, ಹಿಲ್ ತಮ್ಮದೇ ಕವಲನ್ನು 'ಆರಿಜಿನ್' ಎಂಬ ಹೆಸರಿನಲ್ಲಿ ಮುಂದುವರಿಸಿದರು. ಆಡ್‌ಬ್ಲಾಕ್ ಪ್ಲಸ್ ಹಿಡಿದುದು ಇನ್ನೊಂದು ದಾರಿ: 2011ರ ಕೊನೆಯಿಂದ 'ಒಪ್ಪತಕ್ಕ' ಜಾಹೀರಾತುಗಳನ್ನು ಒಳಬಿಟ್ಟು, ದೊಡ್ಡ ಕಂಪೆನಿಗಳಿಂದ ಅದಕ್ಕಾಗಿ ಹಣ ಪಡೆಯುವುದು. ಬಳಕೆದಾರನು ಇದನ್ನು ನಿಲ್ಲಿಸಬಹುದೆಂಬುದು ಸರಿಯಷ್ಟೆ. ಆದರೂ ದ್ವಾರಪಾಲಕನೇ ಸುಂಕ ಎತ್ತುವ ಈ ಪದ್ಧತಿಗಿಂತ, ಹಿಲ್ ಅವರದು ಎಲ್ಲರಿಗೂ ಸಾಧ್ಯವಾಗದ ವ್ರತವಾದರೂ, ನನ್ನ ಮೆಚ್ಚುಗೆ ಅತ್ತಲೇ.

ನಮ್ಮಂಥ ಸಾಮಾನ್ಯ ಬಳಕೆದಾರರ ಕೈಯಲ್ಲಿರುವ ಉಪಾಯ ಸಣ್ಣದು, ಆದರೆ ಉಂಟು. ಕ್ರೋಮಿನಲ್ಲಿ ಒಂದೊಂದು ವಿಸ್ತರಣೆಯ ವಿವರಗಳ ಪುಟಕ್ಕೆ ಹೋದರೆ, ಅದು ಎಲ್ಲ ತಾಣಗಳಲ್ಲಿ ನಡೆಯಬೇಕೋ, ನಾವು ಹೆಸರಿಸಿದ ತಾಣಗಳಲ್ಲಿ ಮಾತ್ರವೋ, ಗುಂಡಿ ಒತ್ತಿದಾಗ ಮಾತ್ರವೋ ಎಂಬುದನ್ನು ಗೊತ್ತುಮಾಡಲು ಅವಕಾಶವಿದೆ. ನಿಘಂಟಿನ ವಿಸ್ತರಣೆಗೆ ಬ್ಯಾಂಕಿನ ಪುಟದಲ್ಲಿ ಕೆಲಸವಿಲ್ಲ. ಅದನ್ನು ಗುಂಡಿಗೆ ಕಟ್ಟಿಹಾಕಬಹುದು. ಮೊಜಿಲ್ಲಾ 2019ರಿಂದ 'ಶಿಫಾರಸು ಮಾಡಿದ' ವಿಸ್ತರಣೆಗಳನ್ನು ಗುರುತಿಸುತ್ತಿದ್ದು, ಅವುಗಳ ನವೀಕರಣಗಳನ್ನೂ ಸಿಬ್ಬಂದಿ ಪರಿಶೀಲಿಸುತ್ತಾರೆ. ವರ್ಷಕ್ಕೆ ಒಂದೆರಡು ಸಲ ಪಟ್ಟಿಯನ್ನು ತೆರೆದು, ಬಳಸದವುಗಳನ್ನು ತೆಗೆದು, ಉಳಿದವುಗಳ ಒಡೆಯರ ಹೆಸರು ಹಿಂದಿನದೇ ಇದೆಯೇ ಎಂದು ನೋಡುವುದಕ್ಕೆ ಹತ್ತು ನಿಮಿಷ ಸಾಕು. ಜೊತೆಗೆ, ನಿಜವಾಗಿ ಉಪಕಾರವಾದ ವಿಸ್ತರಣೆಯೊಂದರ ಕರ್ತೃವಿಗೆ ಅವನು ಕೂಗುವ ಮೊದಲೇ ನಾಲ್ಕು ಕಾಸು ಕಳುಹಿಸಬಹುದು. ಅದಕ್ಕೆ ಬೇಕಾದ ವಿಳಾಸ ಸಾಮಾನ್ಯವಾಗಿ ಆಯ್ಕೆಗಳ ಪುಟದ ತಳದಲ್ಲಿರುತ್ತದೆ.