ಒಂದರ ಮೇಲೊಂದು ಬಣ್ಣ: ನಾನಿಯ ಬಟ್ಟಲಿನ ಲೆಕ್ಕ

ಕಳೆದ ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನ ಮಾಮು ಮನೆಗೆ ಹೋಗಿದ್ದೆ. ಅವರ ಬೀದಿಯಲ್ಲೇ ಮಣ್ಣಿನ ಪಾತ್ರೆ ಮಾಡಲು ಕಲಿಸುವ ತರಗತಿಯೊಂದಿತ್ತು. ಅಲ್ಲಿ ಕೈಯಾರೆ ಮೂರು ಬಟ್ಟಲು ಮಾಡಿದೆ. ಮೊದಲನೆಯದರ ಹೊರಮೈಗೆ ನೀಲಿ ಗ್ಲೇಜ್, ಅದರ ಮೇಲೆ ಬಿಳಿ ಗ್ಲೇಜ್ ಹಾಕಿದೆ. ಭಟ್ಟಿಯಿಂದ ಹೊರಬಂದಾಗ ಮಳೆಮೋಡ ಕೆಳಗಿಳಿದಂತೆ ನೀಲಿ-ಬಿಳಿ ಗೆರೆಗಳು ಮೂಡಿದ್ದವು. ಬೀದರ್‌ಗೆ ತಂದು ನಾನಿಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಸ್ಕಾ ಜೋಡಿ ಹೋನಾ, ಬೇಟಾ" ಎಂದರು. ಇದರ ಜೋಡಿ ಬೇಕು ಎಂದು ಅರ್ಥ.

ದಸರಾ ರಜೆಯಲ್ಲಿ ಮತ್ತೆ ಹೋದೆ. ಅದೇ ನೀಲಿ, ಅದೇ ಬಿಳಿ, ಅದೇ ಭಟ್ಟಿ. ಆದರೆ ಎರಡನೇ ಬಟ್ಟಲಿನ ಬಣ್ಣವೆಲ್ಲ ಕರಗಿ ಹರಿದು, ಬಟ್ಟಲು ಭಟ್ಟಿಯ ಹಲಗೆಗೇ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ತಳ ಒಡೆಯಿತು.

"ಬಿಳಿಯಲ್ಲಿ ಎಷ್ಟು ಸಲ ಅದ್ದಿದೆ?" ಎಂದು ಮೇಡಂ ಕೇಳಿದರು.

"ನೆನಪಿಲ್ಲ ಮೇಡಂ."

"ಮೊದಲನೆಯದಕ್ಕೆ?"

ಅದೂ ನೆನಪಿರಲಿಲ್ಲ. ಹಲಗೆಯ ಬೆಲೆ ಕೊಡುತ್ತೇನೆ ಎಂದು ಕೂಡಿಟ್ಟಿದ್ದ ಈದಿ ಹಣ ತೆಗೆದೆ. ಅವರು ಹಣ ತೆಗೆದುಕೊಳ್ಳಲಿಲ್ಲ. ಕನ್ನಡಕ ಹಾಕಿಸಿ, ಉಳಿ ಮತ್ತು ಉಜ್ಜುವ ಕಲ್ಲು ಕೊಟ್ಟು, ಹಲಗೆ ಸಮವಾಗುವವರೆಗೆ ಉಜ್ಜಲು ಹೇಳಿದರು. ಮಧ್ಯಾಹ್ನವೆಲ್ಲ ಉಜ್ಜಿದೆ. ಹಾಗೆ ಉಜ್ಜುತ್ತಾ ಅವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ಲೇಜ್ ಎಂದರೆ ಪೇಂಟ್ ಅಲ್ಲ, ಪಾತ್ರೆಯ ಮೇಲೆ ಕರಗಿ ಕೂರುವ ತೆಳುವಾದ ಗಾಜು. ಅದರಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ. ಗಾಜಾಗುವುದು ಸಿಲಿಕಾ. ಅದೊಂದೇ ಆದರೆ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಶಾಖ ನಮ್ಮ ಭಟ್ಟಿಗೆ ಸಾಧ್ಯವಿಲ್ಲ. ಆದ್ದರಿಂದ ಬೇಗ ಕರಗಿಸುವ ಫ್ಲಕ್ಸ್ ಸೇರಿಸುತ್ತಾರೆ. ಕರಗಿದ್ದು ನೀರಿನಂತೆ ಹರಿದುಹೋಗದಂತೆ ಗಟ್ಟಿ ಹಿಡಿಯಲು ಅಲ್ಯುಮಿನಾ ಬೇಕು. ಅದು ಜೇಡಿಮಣ್ಣಿನಿಂದ ಬರುತ್ತದೆ. ಬಣ್ಣ ಕೊಡುವುದು ಲೋಹದ ಆಕ್ಸೈಡ್‌ಗಳು: ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು, ಕಬ್ಬಿಣದಿಂದ ಜೇನುಬಣ್ಣ ಅಥವಾ ಕಂದು. ತವರದ ಆಕ್ಸೈಡ್ ಗ್ಲೇಜನ್ನು ಹಾಲಿನಂತೆ ಬಿಳಿಯಾಗಿಸುತ್ತದೆ.

ಪಾತ್ರೆಯನ್ನು ಮೊದಲು ಸುಮಾರು 1,000 ಡಿಗ್ರಿಯಲ್ಲಿ ಸುಡುತ್ತಾರೆ. ಆಗ ಅದು ಗಟ್ಟಿಯಾದರೂ ನೀರು ಹೀರುತ್ತದೆ. ಗ್ಲೇಜ್‌ನಲ್ಲಿ ಎರಡು ಮೂರು ಸೆಕೆಂಡು ಅದ್ದಿದರೆ ನೀರನ್ನು ಪಾತ್ರೆ ಹೀರಿಕೊಂಡು, ಪುಡಿ ಮೇಲೆ ನಿಲ್ಲುತ್ತದೆ. ಹೆಚ್ಚು ಹೊತ್ತು ಅದ್ದಿದರೆ ಪದರ ದಪ್ಪವಾಗುತ್ತದೆ. ನಾವು ಎರಡನೇ ಸಲ ಸುಟ್ಟದ್ದು ಸುಮಾರು 1,220 ಡಿಗ್ರಿಯಲ್ಲಿ.

ಒಂದು ಬಣ್ಣದ ಮೇಲೆ ಇನ್ನೊಂದನ್ನು ಹಾಕಿದರೆ ಎರಡೂ ಬೇರೆ ಬೇರೆ ಉಳಿಯುವುದಿಲ್ಲ. ಕರಗುವಾಗ ಬೆರೆತು ಮೂರನೆಯದೇ ಒಂದು ಗ್ಲೇಜ್ ಆಗುತ್ತವೆ. ಆ ಮಿಶ್ರಣ ಹಲವು ಸಲ ಎರಡಕ್ಕಿಂತಲೂ ಕಡಿಮೆ ಶಾಖಕ್ಕೇ ಕರಗಿಬಿಡುತ್ತದೆ. ಮೋಡದಂಥ ಗೆರೆಗಳು ಮೂಡುವುದು ಈ ಹರಿಯುವಿಕೆಯಿಂದಲೇ. ಪದರ ಸ್ವಲ್ಪ ದಪ್ಪವಾದರೆ ಪಾತ್ರೆ ಹಲಗೆಗೆ ಅಂಟುವುದೂ ಅದರಿಂದಲೇ. ಚಂದಕ್ಕೂ ನಷ್ಟಕ್ಕೂ ಕಾರಣ ಒಂದೇ.

ಈ ವಿದ್ಯೆ ಹಳೆಯದು. ಒಂಬತ್ತನೇ ಶತಮಾನದಲ್ಲಿ ಇರಾಕಿನ ಬಸ್ರಾದ ಕುಶಲಕರ್ಮಿಗಳು ತವರದ ಬಿಳಿ ಗ್ಲೇಜ್ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಚಿತ್ರ ಬರೆಯುತ್ತಿದ್ದರು. ಸುಟ್ಟಾಗ ನೀಲಿ ಬಿಳಿಯೊಳಗೆ ಇಳಿದು, ಅಂಚುಗಳು ಶಾಯಿ ಹರಡಿದಂತೆ ಮೆತ್ತಗಾಗುತ್ತಿದ್ದವು. ಬಣ್ಣಗಳು ಬೆರೆಯಬಾರದು ಎಂದರೆ ಬೇರೆ ಉಪಾಯ ಬೇಕು. ಇರಾನಿನ ಹೆಂಚು ಕೆಲಸದವರು ಒಂದೊಂದು ಬಣ್ಣದ ಹೆಂಚನ್ನೂ ಪ್ರತ್ಯೇಕವಾಗಿ ಸುಟ್ಟು, ಕತ್ತರಿಸಿ, ತುಂಡು ತುಂಡಾಗಿ ಜೋಡಿಸುತ್ತಿದ್ದರು. ಇರಾನಿ ಶೈಲಿಯ ಬಣ್ಣದ ಹೆಂಚುಗಳನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ನಮ್ಮೂರಿನ ಮದರಸಾದ ಗೋಡೆಯ ಮೇಲೆ ಉಳಿದಿರುವುದನ್ನು ನೋಡಿದರೆ ಸಾಕು.

ಹಲಗೆ ಉಜ್ಜಿ ಮುಗಿದ ಮೇಲೆ ಮೇಡಂ ಒಂದು ನೋಟ್‌ಬುಕ್ ಕೊಟ್ಟರು. ನಮ್ಮಲ್ಲಿದ್ದದ್ದು ನೀಲಿ, ಬಿಳಿ, ಜೇನು ಎಂಬ ಮೂರು ಗ್ಲೇಜ್‌ಗಳು. ಒಂದೊಂದನ್ನೇ ಹಾಕಿದರೆ ಮೂರು ತುಂಡು. ಎರಡೆರಡನ್ನು ಮೇಲೆ ಕೆಳಗೆ ಬದಲಾಯಿಸಿ ಹಾಕಿದರೆ ಆರು. ಒಟ್ಟು ಒಂಬತ್ತು. ಅಂಗೈ ಅಗಲದ ಒಂಬತ್ತು ಮಣ್ಣಿನ ತುಂಡುಗಳಿಗೆ ಸಂಖ್ಯೆ ಹಾಕಿ, ಎಷ್ಟು ಸೆಕೆಂಡು ಅದ್ದಿದೆ, ಯಾವುದು ಮೊದಲು ಎಂದು ಬರೆದುಕೊಂಡು, ನಿಲ್ಲಿಸಿ ಸುಟ್ಟೆವು. ಬಿಳಿ ಮೇಲೆ ನೀಲಿ, ನೀಲಿ ಮೇಲೆ ಬಿಳಿ ಎರಡೂ ಒಂದೇ ಅಂದುಕೊಂಡಿದ್ದೆ. ಬಂದದ್ದು ಬೇರೆ ಬೇರೆ ಬಣ್ಣ. ಲೆಕ್ಕಶಾಸ್ತ್ರದ ತರಗತಿಯಲ್ಲಿ ಜರ್ನಲ್ ಎಂಟ್ರಿಯ ಕೆಳಗೆ ವಿವರಣೆ ಬರೆಯದಿದ್ದರೆ ಸರ್ ಏಕೆ ಅಂಕ ಕಳೆಯುತ್ತಾರೆ ಎಂದು ನನಗೆ ಅರ್ಥವಾದದ್ದು ಅಲ್ಲೇ. ಮೊದಲ ಬಟ್ಟಲಿನಲ್ಲಿ ನನಗೆ ಲಾಭ ಬಂದಿತ್ತು. ಅದು ಹೇಗೆ ಬಂತು ಎಂಬ ದಾಖಲೆ ಮಾತ್ರ ಇರಲಿಲ್ಲ.

ನೀವು ಕಲಿಯಲು ಹೋದರೆ ಇಷ್ಟು ನೆನಪಿಡಿ. ಎರಡನೇ ಪದರವನ್ನು ಮೇಲಿನ ಅರ್ಧಕ್ಕೆ ಮಾತ್ರ ಹಾಕಿ, ಕೆಳಗೆ ಹರಿಯಲು ಜಾಗ ಬಿಡಿ. ತಳಕ್ಕೆ ಗ್ಲೇಜ್ ತಾಗಿದ್ದರೆ ಒದ್ದೆ ಸ್ಪಂಜಿನಿಂದ ಒರೆಸಿ. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಹಾಕಿ. ಬಣ್ಣದ ಪದರಗಳೆಲ್ಲ ಹೊರಮೈಗೆ ಇರಲಿ. ಒಳಗೆ ಆಹಾರಕ್ಕೆ ಸುರಕ್ಷಿತವೆಂದು ಪರೀಕ್ಷಿಸಿದ ಒಂದೇ ಗ್ಲೇಜ್ ಸಾಕು. ಸರಿಯಾಗಿ ಕೂಡದ ಗ್ಲೇಜ್‌ನಿಂದ ಹುಳಿ ಪದಾರ್ಥಕ್ಕೆ ಲೋಹದ ಅಂಶ ಇಳಿಯಬಹುದು.

ಮೂರನೇ ಬಟ್ಟಲನ್ನು ನೋಟ್‌ಬುಕ್ ನೋಡಿಕೊಂಡೇ ಮಾಡಿದೆ. ನೀಲಿ ಮೂರು ಸೆಕೆಂಡು, ಬಿಳಿ ಎರಡು ಸೆಕೆಂಡು, ಅದೂ ಅರ್ಧದವರೆಗೆ. ಅಂಟಲಿಲ್ಲ. ಗೆರೆಗಳು ಮೊದಲನೆಯದಕ್ಕಿಂತ ಗಿಡ್ಡ. ನಾನಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, "ಪೂರಾ ಜೋಡಿ ನಹೀಂ" ಎಂದು ನಕ್ಕರು. ಆದರೆ ಮರುದಿನ ಎರಡರಲ್ಲೂ ಶೀರ್ ಖುರ್ಮಾ ಬಡಿಸಿದರು.

ಆ ಒಂಬತ್ತು ತುಂಡುಗಳನ್ನು ಕಾಲೇಜಿಗೆ ತಂದು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ, ನೋಟ್‌ಬುಕ್ ಸಹಿತ. ಮುಟ್ಟಿ ನೋಡಿ. ನಾಲ್ಕನೇ ಸಂಖ್ಯೆಯದು ನಾನಿಯ ಬಟ್ಟಲಿನ ಬಣ್ಣ.